ಹೆಂಡತಿ ಬಸುರಿ, ಕೆಲಸ ಡಲ್ಲಾಸ್‌ಗೆ: ಟೆಕ್ಸಸ್ ಗರ್ಭಪಾತ ಕಾನೂನು ಗೊತ್ತಿರುವವರು ದಯವಿಟ್ಟು ಹೇಳಿ

ಹಾಸನದ ಹುಡುಗ (ಎಡಿಸನ್, ನ್ಯೂಜೆರ್ಸಿ)

ಎಲ್ಲರಿಗೂ ನಮಸ್ಕಾರ. ಇಲ್ಲಿನ ಪ್ರಾಜೆಕ್ಟ್ ಮುಗಿಯುತ್ತಾ ಬಂದಿದೆ. ಕಂಪನಿಯವರು ಡಲ್ಲಾಸ್ ಹತ್ತಿರದ ಪ್ಲೇನೋಗೆ ಹೋಗಿ ಎನ್ನುತ್ತಿದ್ದಾರೆ. ನಾನು ಎಚ್-1ಬಿ ಕೆಲಸದ ವೀಸಾದಲ್ಲಿ ಇರುವವನು, ಬೇರೆ ಪ್ರಾಜೆಕ್ಟ್ ಸಿಗುವವರೆಗೆ ಸುಮ್ನೆ ಕೂರುವ ಹಾಗಿಲ್ಲ. ಹೆಂಡತಿಗೆ ಈಗ ಒಂಬತ್ತು ವಾರ.

ಹೋದ ವರ್ಷ ಹದಿನೇಳನೇ ವಾರದಲ್ಲಿ ನಮ್ಮ ಮೊದಲ ಮಗು ಹೋಯಿತು. ರಾತ್ರಿ ಹನ್ನೊಂದಕ್ಕೆ ನೀರು ಒಡೆಯಿತು. ಬಾತ್‌ರೂಮಿನಿಂದ ಅವಳು "ರೀ" ಎಂದು ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದಾಗ ಎದೆಬಡಿತ ಇತ್ತು, ಮಗುವಿನ ಸುತ್ತ ನೀರು ಇರಲಿಲ್ಲ. ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಮಂಚದ ಪಕ್ಕ ಕೂತರು. ಕಾಯಬಹುದು, ಆದರೆ ನಂಜಾಗುವ ಭಯ ಇದೆ. ಇಲ್ಲವಾದರೆ ಈಗಲೇ ಹೆರಿಗೆ ಮಾಡಿಸಬಹುದು, ಮಗು ಉಳಿಯುವುದಿಲ್ಲ. ನೀವಿಬ್ಬರೂ ಯೋಚನೆ ಮಾಡಿ ಹೇಳಿ ಎಂದರು. ಬೆಳಗಿನ ಜಾವ ನಾಲ್ಕಕ್ಕೆ ನಾವು ಒಪ್ಪಿದೆವು. ಆ ಹೊತ್ತಿಗೆ ಅವಳಿಗೆ ಚಳಿ ಹತ್ತಿತ್ತು.

ನನ್ನ ಪ್ರಶ್ನೆ ಇಷ್ಟೇ. ಅಂಥದ್ದೇ ರಾತ್ರಿ ಪ್ಲೇನೋದಲ್ಲಿ ಬಂದರೆ ಏನಾಗುತ್ತದೆ? ಇವಳು ಇದನ್ನು ಬಾಯಿ ಬಿಟ್ಟು ಕೇಳುವುದಿಲ್ಲ. ಆದರೆ ಮೂರು ದಿನದಿಂದ ಸರಿಯಾಗಿ ನಿದ್ದೆ ಮಾಡಿಲ್ಲ.

ಪ್ಲೇನೋ ಅಕ್ಕ

ಮೊದಲು ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ ತಮ್ಮಾ. ನಾನು ಇಲ್ಲಿಗೆ ಬಂದು ಹನ್ನೊಂದು ವರ್ಷ. ಎರಡೂ ಹೆರಿಗೆ ಇಲ್ಲೇ ಆಗಿದ್ದು, ಎರಡನೆಯದು 2023ರಲ್ಲಿ. ಡಾಕ್ಟರು, ನರ್ಸ್ ಯಾರ ಮೇಲೂ ನನ್ನದು ದೂರಿಲ್ಲ, ಮನೆಯವರ ಹಾಗೆ ನೋಡಿಕೊಂಡರು. ಎಲ್ಲಾ ಸುಸೂತ್ರವಾಗಿದ್ದರೆ ಟೆಕ್ಸಸ್‌ಗೂ ನ್ಯೂಜೆರ್ಸಿಗೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಸುಸೂತ್ರ ಆಗದಿದ್ದರೆ ಏನು ಅನ್ನುವುದನ್ನು ಅನುಭವಿಸಿದವರೇ ಹೇಳಬೇಕು.

ತುಮಕೂರಿನ ವಕೀಲೆ (ಆಸ್ಟಿನ್)

ಗರ್ಭಪಾತದ ಕೇಸು ನಾನು ನಡೆಸಿದವಳಲ್ಲ, ನನ್ನದು ಆಸ್ತಿ ವ್ಯವಹಾರ. ಆದರೆ ಈ ಕಾನೂನುಗಳನ್ನು ಕೂತು ಓದಿದ್ದೇನೆ. ಕ್ರಮವಾಗಿ ಹೇಳುತ್ತೇನೆ.

1973ರ ರೋ ತೀರ್ಪಿನಿಂದ ಇಡೀ ದೇಶದಲ್ಲಿ ಗರ್ಭಪಾತದ ಹಕ್ಕಿಗೆ ಒಂದು ರಕ್ಷಣೆ ಇತ್ತು. 2022ರ ಜೂನ್ 24ರಂದು ಡಾಬ್ಸ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಅದು ಮಿಸಿಸಿಪ್ಪಿಯ 15 ವಾರದ ಕಾನೂನಿನ ಕೇಸು. ಅವತ್ತಿನಿಂದ ಆಯಾ ರಾಜ್ಯದ್ದು ಆಯಾ ರಾಜ್ಯಕ್ಕೆ. ನ್ಯೂಜೆರ್ಸಿ ಅದೇ ವರ್ಷ ಜನವರಿಯಲ್ಲೇ ಈ ಹಕ್ಕನ್ನು ತನ್ನ ಕಾನೂನಿನಲ್ಲಿ ಬರೆದಿಟ್ಟುಕೊಂಡಿತ್ತು.

ಟೆಕ್ಸಸ್ ಅದಕ್ಕೂ ಮೊದಲೇ ಬೇರೆ ದಾರಿ ಹಿಡಿದಿತ್ತು. 2021ರ ಸೆಪ್ಟೆಂಬರ್ 1ರಂದು ಎಸ್‌ಬಿ 8 ಎಂಬ ಕಾನೂನು ಜಾರಿಗೆ ಬಂತು. ಹೃದಯದ ಮಿಡಿತ ಕಂಡ ಮೇಲೆ, ಅಂದರೆ ಹೆಚ್ಚೂ ಕಡಿಮೆ ಆರು ವಾರದ ನಂತರ, ಗರ್ಭಪಾತ ಮಾಡಿದವರ ಮೇಲೆ, ನೆರವು ಕೊಟ್ಟವರ ಮೇಲೆ ಯಾರು ಬೇಕಾದರೂ ದಾವೆ ಹೂಡಬಹುದು. ಗೆದ್ದವರಿಗೆ ಕನಿಷ್ಠ 10,000 ಡಾಲರ್. ಆಮೇಲೆ 2022ರ ಆಗಸ್ಟ್ 25ರಿಂದ ಪೂರ್ತಿ ನಿಷೇಧ. ಮಾಡಿದ ಡಾಕ್ಟರಿಗೆ ಜೀವಾವಧಿವರೆಗೂ ಜೈಲು ಆಗಬಹುದು. ಕನಿಷ್ಠ 1 ಲಕ್ಷ ಡಾಲರ್ ದಂಡ. ಲೈಸೆನ್ಸ್ ಹೋಗುತ್ತದೆ. ಅತ್ಯಾಚಾರಕ್ಕೆ ವಿನಾಯಿತಿ ಇಲ್ಲ. ಮಗು ಬದುಕುವುದೇ ಇಲ್ಲ ಎಂದು ಸ್ಕ್ಯಾನಿನಲ್ಲಿ ಗೊತ್ತಾದರೂ ಇಲ್ಲ. ತಾಯಿಯ ಜೀವಕ್ಕೆ ಅಪಾಯ ಇದ್ದರೆ, ಅಥವಾ ದೇಹದ ಮುಖ್ಯ ಕೆಲಸವೊಂದು ತೀವ್ರವಾಗಿ ಕೆಡುವ ಹಾಗಿದ್ದರೆ ಮಾತ್ರ ಮಾಡಬಹುದು.

ಎರಡು ವಿಷಯ ಗಟ್ಟಿಯಾಗಿ ನೆನಪಿಡಿ. ಒಂದು, ಈ ಶಿಕ್ಷೆ ಯಾವುದೂ ಬಸುರಿ ಹೆಂಗಸಿಗಲ್ಲ. ಎರಡು, ನಾಳದಲ್ಲಿ ನಿಂತ ಗರ್ಭ ತೆಗೆಯುವುದು, ಹೊಟ್ಟೆಯಲ್ಲೇ ತೀರಿಕೊಂಡ ಮಗುವನ್ನು ತೆಗೆಯುವುದು ಟೆಕ್ಸಸ್ ಕಾನೂನಿನಲ್ಲಿ ಗರ್ಭಪಾತವೇ ಅಲ್ಲ.

ನಿಮ್ಮ ಪ್ರಶ್ನೆ ಇವೆರಡರ ನಡುವಿನದು. ಎದೆಬಡಿತ ಇದೆ, ನೀರು ಹೋಗಿದೆ, ಮಗು ಉಳಿಯುವುದಿಲ್ಲ. ಅಮಾಂಡಾ ಜುರಾವ್ಸ್ಕಿ ಅವರಿಗೆ 2022ರ ಆಗಸ್ಟ್‌ನಲ್ಲಿ 18ನೇ ವಾರಕ್ಕೆ ಇದೇ ಆಯಿತು. ನಂಜು ಏರುವವರೆಗೆ ಅವರನ್ನು ಕಾಯಿಸಿದರು. ಅವರೂ ಇನ್ನೂ ಹಲವು ಹೆಂಗಸರೂ ಸೇರಿ ರಾಜ್ಯದ ಮೇಲೆ ಕೇಸು ಹಾಕಿದರು. 2024ರ ಮೇ 31ರಂದು ಟೆಕ್ಸಸ್ ಸುಪ್ರೀಂ ಕೋರ್ಟ್ ಅವರ ವಿರುದ್ಧ ತೀರ್ಪು ಕೊಟ್ಟಿತು. ಆದರೆ ಅದೇ ತೀರ್ಪಿನಲ್ಲಿ, ಸಾವು ಬಾಗಿಲಿಗೆ ಬರುವವರೆಗೆ ಡಾಕ್ಟರ್ ಕಾಯಬೇಕಾಗಿಲ್ಲ ಎಂದೂ ಹೇಳಿತು.

ಬಳ್ಳಾರಿ ಬಿಸಿಲು (ಹ್ಯೂಸ್ಟನ್)

ಇದನ್ನು ಇಲ್ಲಿಯವರೆಗೆ ಎಲ್ಲೂ ಬರೆದಿಲ್ಲ. ನಿಮ್ಮ ಹೆಂಡತಿಗೋಸ್ಕರ ಬರೆಯುತ್ತಿದ್ದೇನೆ.

2022ರ ಅಕ್ಟೋಬರ್. ನನಗೆ ಹತ್ತೊಂಬತ್ತು ವಾರ. ಹಬ್ಬದ ಮನೆ ಕ್ಲೀನಿಂಗ್ ನಡೆದಿತ್ತು. ನೀರು ಒಡೆಯಿತು. ಆಸ್ಪತ್ರೆಯಲ್ಲಿ ನೋಡಿದರು, ಎದೆಬಡಿತ ಇದೆ ಎಂದರು. ಆ ಡಾಕ್ಟರ್ ನನ್ನ ಮುಖ ನೋಡಲಿಲ್ಲ. ಕಂಪ್ಯೂಟರ್ ನೋಡಿಕೊಂಡೇ, "ಮನೆಗೆ ಹೋಗಿ, ಜ್ವರ 100.4 ದಾಟಿದರೆ ಬನ್ನಿ" ಎಂದರು. ಬೇರೆ ದಾರಿ ಏನಿದೆ ಎಂದು ನನ್ನವರು ಕೇಳಿದರು. "ಅದರ ಬಗ್ಗೆ ನಾನು ಮಾತಾಡುವ ಹಾಗಿಲ್ಲ" ಎಂದರು.

ಮನೆಗೆ ಬಂದೆವು. ಗಂಟೆಗೊಂದು ಸಲ ಥರ್ಮಾಮೀಟರ್. 98.9. 99.3. ನನ್ನವರು ಹಾಲಿನ ಲೆಕ್ಕ ಬರೆಯುವ ಪುಟ್ಟ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಎರಡನೇ ರಾತ್ರಿ ನನ್ನ ಬಾಯಿಂದ ಒಂದು ಮಾತು ಬಂತು, ಅದನ್ನು ನೆನೆದರೆ ಈಗಲೂ ಹೊಟ್ಟೆ ಹಿಂಡುತ್ತದೆ. "ಜ್ವರ ಬೇಗ ಬರಲಪ್ಪಾ" ಎಂದೆ. ಆಸೆಪಟ್ಟು ಹೊತ್ತ ಮಗು ಅದು. ಹೆಸರು ಕೂಡ ನೋಡಿಟ್ಟಿದ್ದೆವು. ನನಗೆ ಕಾಯಿಲೆ ಜಾಸ್ತಿಯಾಗಲಿ ಎಂದು ನಾನೇ ಬೇಡಿಕೊಳ್ಳುವ ಸ್ಥಿತಿ ತಂದಿಟ್ಟರು.

ಮೂರನೇ ದಿನ 102. ಐಸಿಯುನಲ್ಲಿ ನಾಲ್ಕು ದಿನ. ಬದುಕಿದೆ. ಆಮೇಲೆ ಮಕ್ಕಳಾಗಿಲ್ಲ.

ಪ್ಲೇನೋ ಅಕ್ಕ

ಅಯ್ಯೋ ತಂಗಿ.

ಕುಡ್ಲದವ (ಫೋರ್ಟ್ ವರ್ತ್)

ಬಳ್ಳಾರಿಯ ಸೋದರಿ, ನಿಮಗೆ ಆಗಿದ್ದನ್ನು ಓದಿ ತುಂಬಾ ಹೊತ್ತು ಏನೂ ಬರೆಯಲಾಗಲಿಲ್ಲ. ಅದು ಅನ್ಯಾಯ. ಅದರಲ್ಲಿ ಎರಡು ಮಾತಿಲ್ಲ.

ಆದರೆ ನಾನು ಈ ಕಾನೂನಿನ ಪರ ಇರುವವನು, ಅದನ್ನು ಬಚ್ಚಿಡುವುದಿಲ್ಲ. ನನ್ನ ಮಗಳು ಹುಟ್ಟಿದ್ದು 25ನೇ ವಾರಕ್ಕೆ. ತೂಕ 740 ಗ್ರಾಂ. ಅವಳ ಅಂಗೈ ನನ್ನ ಹೆಬ್ಬೆರಳಿನ ಉಗುರಿನಷ್ಟಿತ್ತು. ಮೂರು ತಿಂಗಳು ಗಾಜಿನ ಪೆಟ್ಟಿಗೆಯ ಪಕ್ಕ ಕೂತಿದ್ದೇನೆ. ಈಗ ಅವಳು ಎರಡನೇ ಕ್ಲಾಸು. ಹೊಟ್ಟೆಯೊಳಗಿರುವುದು ಬರೀ ಮಾಂಸದ ಮುದ್ದೆ ಎಂದು ಯಾರಾದರೂ ಹೇಳಿದರೆ ನನಗೆ ಸಹಿಸಲು ಆಗುವುದಿಲ್ಲ. ಅದಕ್ಕೂ ಒಂದು ಜೀವ ಇದೆ, ಅದರ ಪರವಾಗಿ ಮಾತಾಡಲು ಯಾರಾದರೂ ಬೇಕಲ್ವಾ?

ಇನ್ನೊಂದು ಮಾತು. ಕಾನೂನಿನಲ್ಲಿ ತಾಯಿಗೆ ವಿನಾಯಿತಿ ಇದೆ. ಡಾಕ್ಟರುಗಳು ಅತಿಯಾಗಿ ಹೆದರಿದರೆ ಅದು ಕಾನೂನಿನ ತಪ್ಪೇ? ಹಾಗೇ, ಒಂಬತ್ತು ಜಡ್ಜ್‌ಗಳು ವಾಷಿಂಗ್ಟನ್‌ನಲ್ಲಿ ಕೂತು ತೀರ್ಮಾನಿಸುವುದಕ್ಕಿಂತ ಆಯಾ ರಾಜ್ಯದ ಜನ ತೀರ್ಮಾನಿಸುವುದು ಮೇಲು ಎಂದು ನನ್ನ ಅಭಿಪ್ರಾಯ.

ಬಳ್ಳಾರಿ ಬಿಸಿಲು (ಹ್ಯೂಸ್ಟನ್)

ನಿಮ್ಮ ಮಗಳು ನೂರು ವರ್ಷ ಬಾಳಲಿ ಅಣ್ಣಾ. ಮನಸ್ಸಿನಿಂದ ಹೇಳುತ್ತಿದ್ದೇನೆ. ನನ್ನದೂ ಮಾಂಸದ ಮುದ್ದೆ ಆಗಿರಲಿಲ್ಲ.

ಆದರೆ ತಪ್ಪಿದರೆ ಜೀವನಪೂರ್ತಿ ಜೈಲು ಎಂದು ಬರೆದಿಟ್ಟು, ಆಮೇಲೆ ಡಾಕ್ಟರ್ ಯಾಕೆ ಹೆದರಿದರು ಎಂದು ಕೇಳಿದರೆ ಹೇಗೆ? ಆ ಡಾಕ್ಟರ್ ಮೇಲೆ ನನಗೆ ಮೊದಲು ಸಿಟ್ಟಿತ್ತು. ಈಗಿಲ್ಲ. ಅವರಿಗೂ ಮನೆ, ಮಕ್ಕಳು ಇದ್ದಾರೆ. ಪುಸ್ತಕದಲ್ಲಿರುವ ವಿನಾಯಿತಿ ನನ್ನ ಮಂಚದ ಹತ್ತಿರ ಬರಲಿಲ್ಲ. ನಾನು ಕೇಳುವುದು ಅದೊಂದನ್ನೇ.

ತುಮಕೂರಿನ ವಕೀಲೆ (ಆಸ್ಟಿನ್)

ಜನ ತೀರ್ಮಾನಿಸಲಿ ಎಂಬ ಮಾತಿಗೆ ಉತ್ತರ ಕೊಡಬೇಕು. ಕೇಳಿದ ಕಡೆ ಜನ ಹೇಳಿದ್ದಾರೆ. 2022ರ ಆಗಸ್ಟ್ 2ರಂದು ಕ್ಯಾನ್ಸಸ್‌ನಲ್ಲಿ ಗರ್ಭಪಾತದ ಹಕ್ಕನ್ನು ರಾಜ್ಯದ ಸಂವಿಧಾನದಿಂದ ತೆಗೆಯಬೇಕೇ ಎಂದು ಕೇಳಿದರು. ನೂರಕ್ಕೆ 59 ಜನ ಬೇಡ ಎಂದರು. ಅದೂ ರಿಪಬ್ಲಿಕನ್ನರ ಗಟ್ಟಿ ನೆಲದಲ್ಲಿ. ಅದೇ ವರ್ಷ ನವೆಂಬರ್‌ನಲ್ಲಿ ಮಿಷಿಗನ್, 2023ರಲ್ಲಿ ಒಹಾಯೊ, 2024ರಲ್ಲಿ ಅರಿಝೋನಾ, ಮಿಸ್ಸೌರಿ ಹಕ್ಕಿನ ಪರ ನಿಂತವು. ಎಲ್ಲಾ ಕಡೆ ಹಾಗೇ ಆಗಿಲ್ಲ, ಸೌತ್ ಡಕೋಟಾ ಬೇಡ ಎಂದಿತು, ನೆಬ್ರಾಸ್ಕಾ 12 ವಾರದ ಮಿತಿಯನ್ನು ಒಪ್ಪಿತು. ಫ್ಲೋರಿಡಾದಲ್ಲಿ 57 ಪರ್ಸೆಂಟ್ ಜನ ಹಕ್ಕಿನ ಪರ ಮತ ಹಾಕಿದರೂ ಸೋತಿತು, ಅಲ್ಲಿ 60 ಬೇಕು. ಅಲ್ಲಿ ಆರು ವಾರದ ಕಾನೂನೇ ಈಗಲೂ ಇದೆ.

ಟೆಕ್ಸಸ್‌ನಲ್ಲಿ ಜನ ಸಹಿ ಸಂಗ್ರಹಿಸಿ ಇಂಥ ಪ್ರಶ್ನೆಯನ್ನು ಮತಕ್ಕೆ ಹಾಕುವ ದಾರಿಯೇ ಇಲ್ಲ. ಶಾಸನಸಭೆ ಮನಸ್ಸು ಮಾಡಿದರೆ ಮಾತ್ರ. ಇಲ್ಲಿ ಇದನ್ನು ಓದುತ್ತಿರುವ ನಮ್ಮಲ್ಲಿ ಎಷ್ಟೋ ಜನ ಎಚ್-1ಬಿ, ಇಲ್ಲವೇ ಅವರ ಮನೆಯವರಿಗೆ ಸಿಗುವ ಎಚ್-4 ವೀಸಾದವರು. ತೆರಿಗೆ ಕಟ್ಟುತ್ತೇವೆ, ಇಲ್ಲೇ ಹೆರುತ್ತೇವೆ, ಗ್ರೀನ್ ಕಾರ್ಡಿಗಾಗಿ ವರ್ಷಗಟ್ಟಲೆ ಕಾಯುತ್ತೇವೆ. ಈ ವಿಷಯದಲ್ಲಿ ನಮ್ಮ ಮತವಂತೂ ಇಲ್ಲ.

ಕುಂದಾನಗರಿ (ಬೆಳಗಾವಿ)

ನೀವೆಲ್ಲ ಟೆಕ್ಸಸ್ ಮಾತಾಡುತ್ತಿದ್ದೀರಿ. ಹದಿನೇಳು ವಾರ, ನೀರು, ಎದೆಬಡಿತ ಎಂದು ಓದುತ್ತಿದ್ದ ಹಾಗೆ ನನಗೆ ಸವಿತಾ ಹಾಲಪ್ಪನವರ್ ನೆನಪಾದರು. ನಮ್ಮ ಊರಿನ ಮಗಳು. ಹಲ್ಲಿನ ಡಾಕ್ಟರ್. ಐರ್ಲೆಂಡಿನ ಗಾಲ್ವೇಯಲ್ಲಿದ್ದರು. 2012ರ ಅಕ್ಟೋಬರ್ 21ರಂದು ಬೆನ್ನುನೋವು ಎಂದು ಆಸ್ಪತ್ರೆಗೆ ಹೋದರು. ಆಗ ಹದಿನೇಳು ವಾರ. ಗರ್ಭ ಉಳಿಯುವುದಿಲ್ಲ ಎಂದು ಡಾಕ್ಟರುಗಳಿಗೂ ಗೊತ್ತಿತ್ತು. ಹಾಗಾದರೆ ತೆಗೆದುಬಿಡಿ ಎಂದು ಸವಿತಾ ಬಾಯಿಬಿಟ್ಟು ಕೇಳಿದರು. ಎದೆಬಡಿತ ಇದೆ, ಕಾನೂನು ಬಿಡುವುದಿಲ್ಲ ಎಂದರು. ಇದು ಕ್ಯಾಥೊಲಿಕ್ ದೇಶ ಎಂದು ಒಬ್ಬ ನರ್ಸ್ ಹೇಳಿದ್ದು ವಿಚಾರಣೆಯಲ್ಲಿ ದಾಖಲಾಗಿದೆ. 28ರಂದು ನಂಜೇರಿ ತೀರಿಕೊಂಡರು. 31 ವರ್ಷ.

ಅಲ್ಲೂ ಕಾನೂನಿನಲ್ಲಿ ತಾಯಿಯ ಜೀವಕ್ಕೆ ವಿನಾಯಿತಿ ಇತ್ತು, ಕುಡ್ಲದ ಅಣ್ಣನವರೇ. ತಾಯಿಗೂ ಮಗುವಿಗೂ ಸಮಾನ ಹಕ್ಕು ಎಂದು 1983ರಲ್ಲಿ ಸಂವಿಧಾನದಲ್ಲೇ ಸೇರಿಸಿದ್ದರು. ಯಾವ ಗಳಿಗೆಯಲ್ಲಿ ತಾಯಿಯ ಜೀವಕ್ಕೆ ಅಪಾಯ ಶುರುವಾಯಿತು ಎಂದು ಯಾರೂ ಧೈರ್ಯವಾಗಿ ಹೇಳಲಿಲ್ಲ, ಅಷ್ಟೇ.

ಆಮೇಲೆ ಐರ್ಲೆಂಡಿನ ಜನ ಬೀದಿಗೆ ಬಂದರು. 2018ರ ಮೇ 25ರ ಜನಮತದಲ್ಲಿ ನೂರಕ್ಕೆ 66 ಜನ ಆ ತಿದ್ದುಪಡಿಯನ್ನು ಕಿತ್ತುಹಾಕಲು ಮತ ಹಾಕಿದರು. ಡಬ್ಲಿನ್‌ನಲ್ಲಿ ಸವಿತಾ ಅವರ ದೊಡ್ಡ ಚಿತ್ರವೊಂದನ್ನು ಗೋಡೆಗೆ ಬಿಡಿಸಿದ್ದರು. ಮತ ಹಾಕಿ ಬಂದವರು ಅದರ ಮೇಲೆ ಚೀಟಿ ಅಂಟಿಸಿ ಕ್ಷಮೆ ಕೇಳಿದ ಫೋಟೋ ನಮ್ಮ ಪೇಪರುಗಳಲ್ಲೂ ಬಂತು. ಮತದಾನಕ್ಕೆ ಮುಂಚೆ ಇಲ್ಲಿ ಬೆಳಗಾವಿಯಲ್ಲಿ ಕೂತು ಅವರ ತಂದೆ, ನನ್ನ ಮಗಳನ್ನು ನೆನಪಿಡಿ ಎಂದು ಆ ದೇಶದ ಜನರಿಗೆ ಕೇಳಿಕೊಂಡಿದ್ದರು. ಮಗಳು ಹೋಗಿ ಐದೂವರೆ ವರ್ಷವಾಗಿತ್ತು ಆಗ.

ನಿರ್ವಾಹಕರು

ಊರಿನಿಂದ ಗರ್ಭಪಾತದ ಮಾತ್ರೆ ಕಿಟ್ ತರಿಸಿಕೊಳ್ಳುವ ಬಗ್ಗೆ ಬರೆದಿದ್ದ ಉತ್ತರವೊಂದನ್ನು ತೆಗೆದಿದ್ದೇವೆ. ಯಾರ ವೈದ್ಯಕೀಯ ಸ್ಥಿತಿಯೂ ನಮಗೆ ಗೊತ್ತಿಲ್ಲ. ದಯವಿಟ್ಟು ಅಂಥ ಸಲಹೆ ಇಲ್ಲಿ ಬೇಡ.

ನರ್ಸಮ್ಮ (ಕೊಲಂಬಸ್, ಒಹಾಯೊ)

ನಾನು ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುವವಳು. ಡಾಬ್ಸ್ ತೀರ್ಪು ಬಂದ ದಿನವೇ ಸಂಜೆ ಒಹಾಯೊದಲ್ಲಿ ಆರು ವಾರದ ಕಾನೂನು ಜಾರಿಗೆ ಬಂತು. ಆ ಬೇಸಿಗೆಯಲ್ಲೇ ಅತ್ಯಾಚಾರಕ್ಕೆ ಒಳಗಾದ ಹತ್ತು ವರ್ಷದ ಹುಡುಗಿಯನ್ನು ಪಕ್ಕದ ಇಂಡಿಯಾನಾಗೆ ಕರೆದುಕೊಂಡು ಹೋಗಬೇಕಾಯಿತು. ದೇಶಕ್ಕೆಲ್ಲ ಗೊತ್ತಿರುವ ಕೇಸು. ಸೆಪ್ಟೆಂಬರ್‌ನಲ್ಲಿ ಕೋರ್ಟು ಆ ಕಾನೂನನ್ನು ತಡೆಯಿತು, ಮರುವರ್ಷ ನವೆಂಬರ್‌ನಲ್ಲಿ ಜನ ಹಕ್ಕನ್ನು ಸಂವಿಧಾನಕ್ಕೇ ಸೇರಿಸಿದರು. ನಡುವಿನ ಆ ತಿಂಗಳುಗಳಲ್ಲಿ ನಮ್ಮ ಡಾಕ್ಟರುಗಳು ರೋಗಿಯ ಪಕ್ಕ ನಿಂತು ಆಸ್ಪತ್ರೆಯ ವಕೀಲರಿಗೆ ಫೋನು ಮಾಡುತ್ತಿದ್ದರು. ಅದನ್ನು ಕಣ್ಣಾರೆ ನೋಡಿದ್ದೇನೆ.

ಹಾಸನದ ತಮ್ಮನಿಗೆ ಒಂದು ಮುಖ್ಯ ವಿಷಯ. ಇದನ್ನು ಯಾರೂ ಹೇಳುವುದಿಲ್ಲ. ನಮ್ಮ ಕನ್ನಡದಲ್ಲಿ ಗರ್ಭ ತಾನಾಗಿ ಇಳಿದುಹೋದರೂ "ಅಬಾರ್ಷನ್ ಆಯ್ತು" ಎನ್ನುತ್ತೇವೆ. ಬೇಕೆಂದೇ ಮಾಡಿಸಿದ್ದಕ್ಕೆ "ತೆಗೆಸಿದರು" ಎನ್ನುತ್ತೇವೆ. "ಆಯ್ತು" ಮತ್ತು "ಮಾಡಿಸಿದರು", ಆ ಒಂದು ಕ್ರಿಯಾಪದದಲ್ಲಿ ಎಲ್ಲಾ ವ್ಯತ್ಯಾಸ ಇದೆ. ಇಂಗ್ಲಿಷಿಗೆ ಹೋಗುವಾಗ ಅದು ಉದುರಿಹೋಗುತ್ತದೆ. ಊರಿನಿಂದ ಬಂದ ಅತ್ತೆಯೊಬ್ಬರು ನಮ್ಮ ವಾರ್ಡಿನಲ್ಲಿ ಸೊಸೆಯ ಬಗ್ಗೆ, ಮೊದಲು ಒಂದು ಅಬಾರ್ಷನ್ ಆಗಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅದು ಮಿಸ್‌ಕ್ಯಾರೇಜ್ ಎಂದು ನಾನು ಪಕ್ಕದಲ್ಲಿ ನಿಂತು ತಿದ್ದಬೇಕಾಯಿತು. ಆದ್ದರಿಂದ ಹಳೆಯ ದಾಖಲೆ ಪೂರ್ತಿ ಕೈಯಲ್ಲಿ ಇಟ್ಟುಕೊಳ್ಳಿ. ಎಷ್ಟನೇ ವಾರ, ನೀರು ಒಡೆದಿದ್ದು ಯಾವಾಗ, ಚಳಿ ಬಂದಿದ್ದು ಯಾವಾಗ, ಎಲ್ಲವೂ ಕಾಗದದಲ್ಲಿ ಇರಲಿ. ಏನನ್ನೂ ಬಚ್ಚಿಡಬೇಡಿ, ಸರಿಯಾದ ಪದದಲ್ಲಿ ಹೇಳಿ.

ಎರಡನೆಯದು. ಹಿಂದೆ ಹೀಗಾಗಿರುವುದರಿಂದ ಹೈ ರಿಸ್ಕ್ ಡಾಕ್ಟರನ್ನು ಈಗಲೇ ನೋಡಿ. 16ನೇ ವಾರದಿಂದ ಗರ್ಭದ ಬಾಯಿಯ ಉದ್ದ ಅಳೆಯುವ ಸ್ಕ್ಯಾನ್ ಬೇಕಾ, ಹೊಲಿಗೆ ಹಾಕುವ ಅಗತ್ಯ ಇದೆಯಾ ಎಂದು ಕೇಳಿ. ಎಲ್ಲರಿಗೂ ಬೇಕಾಗುವುದಿಲ್ಲ, ಆದರೆ ಕೇಳಬೇಕು.

ಹುಬ್ಬಳ್ಳಿ ಸಿಸ್ಟರ್ (ಹುಬ್ಬಳ್ಳಿ)

ನಾನು ಇಲ್ಲಿ ಸ್ಟಾಫ್ ನರ್ಸ್. ನಮ್ಮ ದೇಶದಲ್ಲಿ 1971ರಲ್ಲೇ ಕಾನೂನು ಬಂದಿದೆ, ನಾವೇ ಮುಂದು ಎಂದು ವಾಟ್ಸಾಪಿನಲ್ಲಿ ಓಡಾಡುತ್ತದೆ. ಪೂರ್ತಿ ಸುಳ್ಳಲ್ಲ. 2021ರ ತಿದ್ದುಪಡಿಯ ನಂತರ 20 ವಾರದವರೆಗೆ ಒಬ್ಬ ಡಾಕ್ಟರ್ ಒಪ್ಪಿದರೆ ಸಾಕು, ಕೆಲವು ವರ್ಗದವರಿಗೆ 24ರವರೆಗೆ ಇಬ್ಬರು ಒಪ್ಪಬೇಕು. 2022ರ ಸೆಪ್ಟೆಂಬರ್ 29ರಂದು ನಮ್ಮ ಸುಪ್ರೀಂ ಕೋರ್ಟ್ ಮದುವೆಯಾಗದವರಿಗೂ ಆ 24 ವಾರ ಅನ್ವಯಿಸುತ್ತದೆ ಎಂದಿತು. ಡಾಬ್ಸ್ ಬಂದು ಮೂರು ತಿಂಗಳಷ್ಟೇ ಆಗಿತ್ತು.

ಆದರೆ ಗಮನಿಸಿ, ಇಲ್ಲೂ ನಿರ್ಧಾರ ಹೆಂಗಸಿನದು ಎಂದು ಬರೆದಿಲ್ಲ. ಡಾಕ್ಟರ್ ಒಪ್ಪಬೇಕು. ಹದಿನೆಂಟು ದಾಟಿದವಳಿಗೆ ಅವಳ ಸಹಿಯೊಂದೇ ಸಾಕು ಎಂದು ಕಾನೂನಿದೆ, ಆದರೂ "ಗಂಡನ್ನ ಕರ್ಕೊಂಡು ಬಾ" ಎನ್ನುವವರು ಇದ್ದಾರೆ. ಇನ್ನೊಂದು ಕಡೆ, 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನ್ ಮಷಿನ್ ಇಟ್ಟು ಹೆಣ್ಣೋ ಗಂಡೋ ನೋಡುತ್ತಿದ್ದ ಜಾಲ ಸಿಕ್ಕಿಬಿತ್ತು. ಕಬ್ಬು ಅರೆಯುವ ಜಾಗ ಅದು. ಅಲ್ಲಿ ಹೋದ ಹೆಂಗಸರಲ್ಲಿ ತಮ್ಮ ಇಷ್ಟದಿಂದ ಹೋದವರು ಎಷ್ಟು, ಅತ್ತೆ ಮಾವ ಕರೆದೊಯ್ದವರು ಎಷ್ಟು, ಯೋಚಿಸಿ. ಅಮೆರಿಕದಲ್ಲಿ ಬೇಕಾದವಳಿಗೆ ಬೇಡ ಎನ್ನುತ್ತಾರೆ, ಇಲ್ಲಿ ಬೇಡವಾದವಳಿಗೂ ಮಾಡಿಸು ಎನ್ನುತ್ತಾರೆ. ಎರಡೂ ಕಡೆ ಅವಳನ್ನು ಕೇಳುವವರು ಕಡಿಮೆ.

ಹಾಸನದ ಹುಡುಗ (ಎಡಿಸನ್, ನ್ಯೂಜೆರ್ಸಿ)

ಎಲ್ಲವನ್ನೂ ಓದಿದೆ. ಬಳ್ಳಾರಿ ಅಕ್ಕ, ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ. ವಕೀಲ ಮೇಡಂ, 2022ರಿಂದ ಈಚೆಗೆ ಕಾನೂನು ಸುಧಾರಿಸಿದೆ ಎಂದು ಆಫೀಸಿನಲ್ಲಿ ಒಬ್ಬರು ಹೇಳಿದರು, ನಿಜವೇ? ಅಪಾಯ ಬಂದರೆ ಕಾರಿನಲ್ಲಿ ಬೇರೆ ರಾಜ್ಯಕ್ಕೆ ಹೋಗಬಹುದೇ?

ತುಮಕೂರಿನ ವಕೀಲೆ (ಆಸ್ಟಿನ್)

ಸ್ವಲ್ಪ ಸುಧಾರಿಸಿದೆ. 2023ರಲ್ಲಿ ಒಂದು ಕಾನೂನು ತಂದರು. ಮಗು ಬದುಕುವ ವಾರಕ್ಕೆ ಮುಂಚೆ ನೀರು ಒಡೆದ ಕೇಸಿನಲ್ಲಿ ಚಿಕಿತ್ಸೆ ಕೊಟ್ಟ ಡಾಕ್ಟರಿಗೆ ಕೋರ್ಟಿನಲ್ಲಿ ವಾದಿಸಲು ಒಂದು ಆಸರೆ ಸಿಕ್ಕಿತು. ಆಸರೆ ಅಷ್ಟೇ, ಕೇಸು ಬೀಳುವುದನ್ನು ಅದು ತಪ್ಪಿಸುವುದಿಲ್ಲ. 2025ರಲ್ಲಿ ಎಸ್‌ಬಿ 31 ಬಂತು, ಎರಡೂ ಪಕ್ಷದವರು ಒಪ್ಪಿ ತಂದದ್ದು. ಅಪಾಯ ಕಣ್ಣೆದುರು ಬರುವವರೆಗೆ ಕಾಯಬೇಕಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಹಾಗಾಗಿ ನಿಮ್ಮದೇ ಸ್ಥಿತಿ ಈಗ ಬಂದರೆ 2022ಕ್ಕಿಂತ ಚೆನ್ನಾಗಿ ನೋಡಿಕೊಳ್ಳಬೇಕು. ಖಂಡಿತ ನೋಡಿಕೊಳ್ಳುತ್ತಾರೆ ಎಂದು ಬರೆಯಲು ನನ್ನ ಕೈ ಬರುವುದಿಲ್ಲ. ಆಸ್ಪತ್ರೆಯಿಂದ ಆಸ್ಪತ್ರೆಗೆ, ರಾತ್ರಿ ಪಾಳಿಯ ಡಾಕ್ಟರಿಂದ ಬೆಳಗಿನ ಡಾಕ್ಟರಿಗೆ ಬದಲಾಗುತ್ತದೆ.

ಮಗುವಿನಲ್ಲೇ ದೊಡ್ಡ ತೊಂದರೆ ಕಂಡರೆ ಮಾತ್ರ ಏನೂ ಬದಲಾಗಿಲ್ಲ. ಡಲ್ಲಾಸ್ ಕಡೆಯ ಕೇಟ್ ಕಾಕ್ಸ್ ಅವರ ಹೊಟ್ಟೆಯಲ್ಲಿದ್ದ ಮಗುವಿಗೆ ಟ್ರೈಸೊಮಿ 18 ಇತ್ತು, ಮಗು ಉಳಿಯುವುದೇ ಅಪರೂಪವಾದ ವರ್ಣತಂತು ದೋಷ ಅದು. 2023ರ ಡಿಸೆಂಬರ್‌ನಲ್ಲಿ ಕೋರ್ಟಿಗೆ ಹೋದರು. ಕೆಳಗಿನ ಜಡ್ಜ್ ಒಪ್ಪಿದರು, ಅಟಾರ್ನಿ ಜನರಲ್ ಆಸ್ಪತ್ರೆಗಳಿಗೆ ಎಚ್ಚರಿಕೆಯ ಪತ್ರ ಬರೆದರು, ರಾಜ್ಯದ ಸುಪ್ರೀಂ ಕೋರ್ಟ್ ತಡೆಯಿತು. ಕೊನೆಗೆ ಅವರು ರಾಜ್ಯ ಬಿಟ್ಟು ಹೋಗಿ ಮಾಡಿಸಿಕೊಂಡರು.

ಬೇರೆ ರಾಜ್ಯಕ್ಕೆ ಹೋಗುವುದು ನಿಮ್ಮ ಹೆಂಡತಿಗೆ ಅಪರಾಧವಲ್ಲ. ಲಬ್ಬಕ್ ಕೌಂಟಿಯಂಥ ಕೆಲವು ಕಡೆ ತಮ್ಮ ರಸ್ತೆಯಲ್ಲಿ ಕರೆದೊಯ್ದವರ ಮೇಲೆ ದಾವೆ ಹೂಡುವ ಸ್ಥಳೀಯ ನಿಯಮ ಮಾಡಿದ್ದಾರೆ. ಅಮರಿಲ್ಲೋದಲ್ಲಿ ಜನ ಅದನ್ನು ತಿರಸ್ಕರಿಸಿದರು. ಡಲ್ಲಾಸ್‌ನಿಂದ ಐ-35 ಹಿಡಿದರೆ ಕ್ಯಾನ್ಸಸ್‌ನ ವಿಚಿಟಾಗೆ ಐದೂವರೆ ಗಂಟೆ, ನ್ಯೂ ಮೆಕ್ಸಿಕೋದ ಆಲ್ಬುಕರ್ಕಿಗೆ ಹತ್ತು ಗಂಟೆ ಹತ್ತಿರ. ಆದರೆ ನೀರು ಒಡೆದು ಚಳಿ ಹತ್ತಿದವಳನ್ನು ಕಾರಿನಲ್ಲಿ ಕೂರಿಸಿಕೊಂಡು ಐದು ಗಂಟೆ ಹೋಗುವ ಪ್ಲಾನ್ ಮಾಡಬೇಡಿ. ಅಂಥ ಹೊತ್ತಿಗೆ ಹತ್ತಿರದ ಎಮರ್ಜೆನ್ಸಿಯೇ ದಾರಿ.

ಕುಡ್ಲದವ (ಫೋರ್ಟ್ ವರ್ತ್)

ರಾತ್ರಿ ನನ್ನ ಹೆಂಡತಿಗೆ ಈ ಚರ್ಚೆ ಪೂರ್ತಿ ಓದಿ ಹೇಳಿದೆ. ನನ್ನ ನಂಬಿಕೆ ಬದಲಾಗಿಲ್ಲ, ಬದಲಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಥರ್ಮಾಮೀಟರ್ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ನಮ್ಮ ಶಾಸಕರ ಆಫೀಸಿಗೆ ಒಂದು ಪತ್ರ ಬರೆಯುತ್ತಿದ್ದೇನೆ. ಜೀವದ ಪರ ಇರುವವನಾಗಿಯೇ ಬರೆಯುತ್ತೇನೆ. ಬಳ್ಳಾರಿ ಸೋದರಿ ಒಪ್ಪಿದರೆ, ಹೆಸರು ಹಾಕದೆ, ಅವರಿಗೆ ಆಗಿದ್ದನ್ನು ಅದರಲ್ಲಿ ಸೇರಿಸುತ್ತೇನೆ.

ಬಳ್ಳಾರಿ ಬಿಸಿಲು (ಹ್ಯೂಸ್ಟನ್)

ಸೇರಿಸಿ ಅಣ್ಣಾ. ಆ ಪುಸ್ತಕ ಇನ್ನೂ ನನ್ನ ಹತ್ತಿರ ಇದೆ. ಬೇಕಾದರೆ ಆ ಪುಟದ ಫೋಟೋ ಕಳಿಸುತ್ತೇನೆ.

ಹಾಸನದ ಹುಡುಗ (ಎಡಿಸನ್, ನ್ಯೂಜೆರ್ಸಿ)

ಇದನ್ನು ಬರೆಯುತ್ತಿರುವುದು ಅವರಲ್ಲ, ನಾನು. ಅವರ ಅಕೌಂಟಿನಿಂದ.

ನಿನ್ನೆ ರಾತ್ರಿ ಇದನ್ನೆಲ್ಲ ಓದಿದೆ. ಬಳ್ಳಾರಿ ಅಕ್ಕ, ನಿಮ್ಮ ಬರಹ ಓದಿ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ನನ್ನ ಮಂಚದ ಪಕ್ಕ ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರಲ್ಲ, ಅದು ದೊಡ್ಡ ಮಾತು ಎಂದು ನನಗೆ ಅವತ್ತು ಅನಿಸಿರಲಿಲ್ಲ. ಡಾಕ್ಟರು ಎಂದರೆ ಹಾಗೇ ಇರುತ್ತಾರೆ ಎಂದುಕೊಂಡಿದ್ದೆ. ನಾಲ್ಕು ಗಂಟೆವರೆಗೆ ನಾನು ಅಳುತ್ತಿದ್ದೆ, ಬೈಯುತ್ತಿದ್ದೆ, ಆಗಲ್ಲ ಎನ್ನುತ್ತಿದ್ದೆ. ಅವರು ಎರಡು ಸಲ ಬಂದು ಮತ್ತೆ ಕೂತರು. ನಾನು ಹೂಂ ಎಂದಾಗಲೇ ಹೂಂ ಆಗಿದ್ದು.

ಇವರು ಪ್ಲೇನೋಗೆ ಹೋಗುತ್ತಾರೆ. ನಾನು ಹೆರಿಗೆಯವರೆಗೆ ಇಲ್ಲೇ ಇರುತ್ತೇನೆ, ಅದೇ ಡಾಕ್ಟರ ಹತ್ತಿರ. ಎರಡು ಬಾಡಿಗೆ ಕಟ್ಟುವುದು ಕಷ್ಟ, ಆದರೂ ಸರಿ. ಅರಸೀಕೆರೆಯಿಂದ ಅಮ್ಮ ಬರುತ್ತಾರೆ, ವೀಸಾ ಇದೆ. ಅವರಿಗೆ ಬಿಪಿ ಇದೆ, ಆರು ತಿಂಗಳಿಗೆ ಯಾವ ಟ್ರಾವೆಲ್ ಇನ್ಶೂರೆನ್ಸ್ ತೆಗೆಸಿದರೆ ಒಳ್ಳೆಯದು, ಗೊತ್ತಿದ್ದವರು ಹೇಳಿ.

ಪ್ಲೇನೋ ಅಕ್ಕ

ಇನ್ಶೂರೆನ್ಸ್ ಬಗ್ಗೆ ಬೇರೆ ಚರ್ಚೆ ಇದೆ, ಲಿಂಕ್ ಮೆಸೇಜ್ ಮಾಡುತ್ತೇನೆ ಪುಟ್ಟಿ. ನಿಮ್ಮ ಯಜಮಾನರ ಊಟದ ಚಿಂತೆ ನನಗೆ ಬಿಡು. ನಮ್ಮ ಮನೆ ಮೇಲಿನ ರೂಮು ಖಾಲಿ ಇದೆ. ಭಾನುವಾರ ಫೋನ್ ಮಾಡಲು ಹೇಳು.